ಅಲ್ಲಿ ಫಲಿಸಿದ್ದು ಇಲ್ಲೇಕೆ ಫಲಿಸಲಿಲ್ಲ?

ಪ್ರಶ್ನೆ: ಜಕ್ಕೂರು ಕೆರೆಯನ್ನು ನೋಡಿ ಬಂದ ನಮ್ಮ ಬಡಾವಣೆಯ ಸಮಿತಿಯವರು ನಮ್ಮ ಕೆರೆಯಂಚಿನಲ್ಲೂ ಜೊಂಡು ನೆಡಿಸಿದೆವು. ಎರಡು ವರ್ಷವಾದರೂ ದುರ್ವಾಸನೆ ಹೋಗಿಲ್ಲ. ಒಂದೆಡೆಯ ಉತ್ತಮ ಪದ್ಧತಿಯನ್ನು ಇನ್ನೊಂದೆಡೆ ತರುವುದು ಹೇಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಶ್ರಮ ವ್ಯರ್ಥವಾಗಿಲ್ಲ, ಆದರೆ ನೀವು ಪದ್ಧತಿಯ ಕಣ್ಣಿಗೆ ಕಾಣುವ ಭಾಗವನ್ನಷ್ಟೇ ತಂದಿದ್ದೀರಿ. ಜಕ್ಕೂರಿನಲ್ಲಿ ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕವನ್ನು ಹಾದು, ಬಳಿಕ ಜೊಂಡು ಬೆಳೆದ ಜೌಗು ಪ್ರದೇಶದಲ್ಲಿ ನಿಧಾನವಾಗಿ ಹರಿಯುವಾಗ ಸಾರಜನಕ ಮತ್ತು ರಂಜಕದ ಒಂದಷ್ಟು ಅಂಶವನ್ನು ಕಳೆದುಕೊಂಡು ಕೆರೆ ಸೇರುವಂತೆ ವ್ಯವಸ್ಥೆಯಾಗಿದೆ. ರಾಜಕಾಲುವೆಯಿಂದ ಹಸಿ ಕೊಳಚೆಯೇ ನೇರವಾಗಿ ನುಗ್ಗುವ ಕಡೆ ಜೊಂಡೊಂದೇ ಆ ಭಾರವನ್ನು ಹೊರಲಾರದು. ಬಲಿತ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಹಾಕದಿದ್ದರೆ ಅದು ಕೊಳೆತು, ಹೀರಿದ್ದರಲ್ಲಿ ಬಹಳಷ್ಟನ್ನು ಮತ್ತೆ ನೀರಿಗೇ ಬಿಡುತ್ತದೆ.

ಆದ್ದರಿಂದ ಮುಂದಿನ ಭೇಟಿಯಲ್ಲಿ ಅಲ್ಲಿನವರು ಏನು ಮಾಡಿದರು ಎಂಬುದರ ಜೊತೆಗೆ, ಕೊಯ್ಲು ಯಾರದು, ಕೂಲಿ ಎಲ್ಲಿಂದ, ಮೊದಲು ಯಾವುದು ಕೆಟ್ಟಿತು ಎಂದೂ ಕೇಳಿರಿ. ಸೋತ ಪ್ರಯತ್ನಗಳ ವಿವರವೇ ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು, ಆದರೆ ಕೇಳದೆ ಅದನ್ನು ಯಾರೂ ಹೇಳುವುದಿಲ್ಲ. ಹಿಂದೆ ತೂಬು ಎತ್ತುವ ಹದ, ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದ ನೀರುಗಂಟಿಯ ಅನುಭವದಲ್ಲಿತ್ತು. ಬರಹದಲ್ಲಿ ಇರಲಿಲ್ಲವಾದ್ದರಿಂದ ಬಹುಪಾಲು ಅವರೊಂದಿಗೇ ಹೋಯಿತು. ನಿಮ್ಮಲ್ಲಿ ಹಾಗಾಗದಿರಲು, ಕಾರ್ಖಾನೆಗಳಲ್ಲಿ ಪಾಳಿ ಬದಲಾಗುವಾಗ ಕೈಯಿಂದ ಕೈಗೆ ದಾಟಿಸುವ ದಾಖಲೆ ಪುಸ್ತಕದಂಥದ್ದೊಂದನ್ನು ನಿಮ್ಮ ಕಾವಲುಗಾರರ ಕೈಗೂ ಕೊಡಿರಿ: ಬೆಳಗಿನ ನೀರಿನ ಬಣ್ಣ, ಒಳಹರಿವಿನ ವಾಸನೆ, ನೊರೆ, ಸತ್ತ ಮೀನು, ಹಿಂದಿನ ರಾತ್ರಿಯ ಮಳೆ. ಒಂದು ಮಳೆಗಾಲದ ದಾಖಲೆಯನ್ನು ಹಿಡಿದು ಜಕ್ಕೂರಿಗೆ ಮತ್ತೊಮ್ಮೆ ಹೋಗಿ ಬನ್ನಿ.