ಮುದ್ದೇಬಿಹಾಳದ ಮಾಸ್ತರರಿಗೆ: ಸೌರ ಬಿರುಗಾಳಿಯ ಲೇಖನ ವಾಪಸ್ ಕಳಿಸಿದ್ದೇಕೆ

ಮಾಸ್ತರರೇ, ನಮಸ್ಕಾರ.

ನೀವು ಕಳಿಸಿದ ‘ಸೂರ್ಯನ ಕೋಪ, ಭೂಮಿಗೆ ಶಾಪ’ ಲೇಖನವನ್ನು ಪೂರ್ತಿ ಓದಿದೆ. ಈಗ ಇರುವ ಹಾಗೆ ಅದನ್ನು ನಮ್ಮ ವಿಜ್ಞಾನ ಪುಟದಲ್ಲಿ ಹಾಕಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ. ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳ ಬಗ್ಗೆ, ಅಂದರೆ ಭೂಮಿಯ ಕಾಂತಕ್ಷೇತ್ರ ಹಿಡಿದಿಟ್ಟ ವೇಗದ ಕಣಗಳ ವಲಯಗಳ ಬಗ್ಗೆ, ಕನ್ನಡದಲ್ಲಿ ಬರೆಯುವವರು ಕಡಿಮೆ. ನಿಮಗೆ ಭೌತಶಾಸ್ತ್ರ ಗೊತ್ತಿದೆ, ವಾಕ್ಯವೂ ಸಲೀಸಾಗಿ ಓಡುತ್ತದೆ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗಿದೆ. ಬೇಜಾರು ಮಾಡ್ಕೋಬೇಡಿ.

ಮೊದಲು ಶೀರ್ಷಿಕೆ. ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಯ ಬೋರ್ಡಿನ ಮೇಲೆ ಈ ಹೆಸರು ಇದ್ದಿದ್ದರೆ ನಾನೇ ಟಿಕೆಟ್ ತೆಗೆಸುತ್ತಿದ್ದೆ. ಇಲ್ಲಿ ಬೇಡ. ಆಮೇಲೆ ಭಾಸ್ಕರಾಚಾರ್ಯರ ಮೇಲಿನ ಒಂದು ಪುಟ. ಜಿಲ್ಲೆಯ ಅಭಿಮಾನ ಅರ್ಥವಾಗುತ್ತದೆ. ಅವರು ತಮ್ಮ ಊರೆಂದು ಹೇಳಿಕೊಂಡ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ನಾವು ಹೇಳುತ್ತೇವೆ, ಅಲ್ಲ, ಚಾಳೀಸಗಾಂವ್ ಕಡೆ ಎಂದು ಮಹಾರಾಷ್ಟ್ರದವರು ಹೇಳುತ್ತಾರೆ. ಆ ಜಗಳ ಏನೇ ಆಗಲಿ, 1114ರಲ್ಲಿ ಹುಟ್ಟಿದವರನ್ನು 1958ರಲ್ಲಿ ಪತ್ತೆಯಾದ ಸಂಗತಿಗೆ ಸುಮ್ನೆ ಯಾಕೆ ಎಳೆದು ತರಬೇಕು? ತೆಗೆದುಬಿಡಿ.

1958ರಿಂದಲೇ ಶುರು ಮಾಡಿ. ‘ವಾನ್ ಅಲೆನ್ ಎಂಬ ವಿಜ್ಞಾನಿ ಕಂಡುಹಿಡಿದರು’ ಎಂದು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ ಒಳ್ಳೆಯ ಕಥೆ ಇದೆ. ಎಕ್ಸ್‌ಪ್ಲೋರರ್ 1 ಉಪಗ್ರಹದಲ್ಲಿ ಜೇಮ್ಸ್ ವಾನ್ ಅಲೆನ್ ತಂಡದ ಗೈಗರ್ ಕೌಂಟರ್, ಅಂದರೆ ವಿಕಿರಣದ ಕಣ ಎಣಿಸುವ ಸಾಧನ, ಇತ್ತು. ಉಪಗ್ರಹ ಕೆಳಗಿದ್ದಾಗ ಅದು ಸರಿಯಾಗಿ ಎಣಿಸುತ್ತಿತ್ತು. ಮೇಲಕ್ಕೆ ಹೋದಾಗ ಸೊನ್ನೆ ತೋರಿಸುತ್ತಿತ್ತು. ಕಣಗಳೇ ಇಲ್ಲವಾ? ಅಲ್ಲ. ಎಣಿಸಲು ಆಗದಷ್ಟು ಕಣ ಬಂದು ಕೌಂಟರ್ ಕಟ್ಟಿಕೊಂಡಿತ್ತು. ಎಕ್ಸ್‌ಪ್ಲೋರರ್ 3ರ ಮಾಹಿತಿ ಬಂದ ಮೇಲೆ ಅದು ಖಚಿತವಾಯಿತು. ದಿನಾ ಮಕ್ಕಳ ಎದುರು ನಿಂತು ಪಾಠ ಮಾಡುವ ನೀವು ಇಂಥದ್ದನ್ನು ಬಿಟ್ಟರೆ ಹೇಗೆ?

ಪಟ್ಟಿಯನ್ನು ನೀವು ಭೂಮಿಯ ಉಡದಾರ ಎಂದಿದ್ದೀರಿ. ಓದಲು ಚಂದ, ಆದರೆ ಓದುಗರ ಕಣ್ಣಿಗೆ ತೆಳ್ಳಗಿನ ದಾರ ಕಾಣುತ್ತದೆ. ನಿಜವಾಗಿ ಅದು ಟ್ರ್ಯಾಕ್ಟರ್ ಟೈರಿನ ಟ್ಯೂಬಿನಷ್ಟು ದಪ್ಪ, ಅದೂ ಒಂದರೊಳಗೆ ಒಂದು ಇಟ್ಟ ಎರಡು ಟ್ಯೂಬು. ಒಳಗಿನದು ಸುಮಾರು ಸಾವಿರ ಕಿಲೋಮೀಟರ್ ಎತ್ತರದಿಂದ ಶುರುವಾಗುತ್ತದೆ, ಅಲ್ಲಿ ಜಾಸ್ತಿ ಶಕ್ತಿಯ ಪ್ರೋಟಾನ್‌ಗಳದ್ದೇ ಕಾರುಬಾರು. ಹೊರಗಿನದು ಸುಮಾರು 13,000ದಿಂದ 60,000 ಕಿಲೋಮೀಟರ್‌ವರೆಗೆ, ಅಲ್ಲಿ ಎಲೆಕ್ಟ್ರಾನ್‌ಗಳು. ಒಳಪಟ್ಟಿ ವರ್ಷಗಟ್ಟಲೆ ಹೆಚ್ಚು ಬದಲಾಗುವುದಿಲ್ಲ. ಬಿರುಗಾಳಿಗೆ ಏಳುವುದು, ಬೀಳುವುದು ಮುಖ್ಯವಾಗಿ ಹೊರಪಟ್ಟಿ. ನೀವು ಎರಡನ್ನೂ ಒಂದೇ ಎಂಬಂತೆ ಬರೆದಿದ್ದೀರಿ.

ಈಗ ನಿಜವಾದ ತಕರಾರಿಗೆ ಬರುತ್ತೇನೆ. ‘ಸೌರ ಬಿರುಗಾಳಿ ಬಂದಾಗಲೆಲ್ಲ ವಿಕಿರಣ ಪಟ್ಟಿ ಉಬ್ಬುತ್ತದೆ’ ಎಂಬುದು ನಿಮ್ಮ ಲೇಖನದ ಬೆನ್ನೆಲುಬು. ಅದೇ ತಪ್ಪು. 1989ರಿಂದ 2000ದವರೆಗಿನ 276 ಭೂಕಾಂತೀಯ ಬಿರುಗಾಳಿಗಳನ್ನು, ಅಂದರೆ ಸೂರ್ಯನ ಕಡೆಯಿಂದ ಬಂದ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಕಲಕಿದ ಸಂದರ್ಭಗಳನ್ನು, ವಿಜ್ಞಾನಿ ಜೆಫ್ ರೀವ್ಸ್ ಮತ್ತು ಸಂಗಡಿಗರು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದರು. ಹೊರಪಟ್ಟಿಯ ಹೆಚ್ಚು ಶಕ್ತಿಯ ಎಲೆಕ್ಟ್ರಾನ್‌ಗಳು ಹೆಚ್ಚಾದದ್ದು ಸುಮಾರು ಅರ್ಧದಷ್ಟು ಬಿರುಗಾಳಿಗಳಲ್ಲಿ ಮಾತ್ರ. ಐದರಲ್ಲಿ ಒಂದರಷ್ಟು ಸಲ ಅವು ಕಡಿಮೆಯೇ ಆದವು. ಉಳಿದವುಗಳಲ್ಲಿ ಹೇಳಿಕೊಳ್ಳುವ ಬದಲಾವಣೆ ಇಲ್ಲ. ಬಿರುಗಾಳಿ ಎಷ್ಟು ಜೋರಾಗಿತ್ತು ಎಂಬುದನ್ನು ನೋಡಿ ಫಲ ಏನೆಂದು ಹೇಳಲೂ ಆಗಲಿಲ್ಲ. ನಿಮ್ಮ ಲೇಖನ ನಿಲ್ಲಬೇಕಾದದ್ದು ಈ ಪ್ರಶ್ನೆಯ ಮೇಲೆ: ಒಂದೇ ಬಿರುಗಾಳಿ ಪಟ್ಟಿಯನ್ನು ತುಂಬಿಸಲೂಬಹುದು, ಬರಿದು ಮಾಡಲೂಬಹುದು, ಯಾಕೆ?

ಬರಿದಾಗುವುದನ್ನು ಮೊದಲು ಹೇಳಿ, ಅದು ಸುಲಭ. ಹೊರಪಟ್ಟಿಯ ಎಲೆಕ್ಟ್ರಾನ್ ಕಾಂತಕ್ಷೇತ್ರದ ಬಲರೇಖೆಯ ಸುತ್ತ ಸುರುಳಿ ಸುತ್ತುತ್ತದೆ, ಉತ್ತರ ದಕ್ಷಿಣವಾಗಿ ಪುಟಿಯುತ್ತದೆ, ಜತೆಗೆ ಕೆಲವೇ ನಿಮಿಷಗಳಲ್ಲಿ ಭೂಮಿಗೆ ಒಂದು ಸುತ್ತು ಹಾಕುತ್ತದೆ. ಸೂರ್ಯನ ಕಡೆಗೆ ಭೂಮಿಯ ಕಾಂತಕ್ಷೇತ್ರದ ಗಡಿ ಸಾಮಾನ್ಯವಾಗಿ ಭೂಮಿಯ ಕೇಂದ್ರದಿಂದ 60,000 ಕಿಲೋಮೀಟರ್‌ಗಿಂತ ಆಚೆ ಇರುತ್ತದೆ. ಸೌರ ಮಾರುತದ, ಅಂದರೆ ಸೂರ್ಯನಿಂದ ಸದಾ ಹೊರಬೀಳುವ ಕಣಗಳ ಹರಿವಿನ, ಒತ್ತಡ ಏಕಾಏಕಿ ಹೆಚ್ಚಿದಾಗ ಆ ಗಡಿ ಒಳಕ್ಕೆ ಸರಿಯುತ್ತದೆ. ಸುತ್ತು ಹಾಕುತ್ತಿದ್ದ ಎಲೆಕ್ಟ್ರಾನ್ ಆ ಜಾಗಕ್ಕೆ ಬಂದಾಗ ಅಲ್ಲಿ ಅದನ್ನು ಹಿಡಿದಿಡಲು ಬಲರೇಖೆಯೇ ಇಲ್ಲ! ಹೊರಗೆ ಹೋಯಿತು. ಇನ್ನು ಕೆಲವನ್ನು ಪ್ಲಾಸ್ಮಾ ಅಲೆಗಳು, ಅಂದರೆ ಅಲ್ಲಿಯ ವಿದ್ಯುದಾವೇಶದ ಅನಿಲದಲ್ಲಿ ಏಳುವ ಅಲೆಗಳು, ಬಲರೇಖೆಯ ಗುಂಟ ಕೆಳಕ್ಕೆ ತಳ್ಳಿ ವಾತಾವರಣದಲ್ಲಿ ಮುಗಿಸುತ್ತವೆ.

ತುಂಬುವ ಕಥೆ ಇನ್ನೂ ಸ್ವಾರಸ್ಯ. ಬಿರುಗಾಳಿಯಲ್ಲಿ ಬರುವ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದ್ದರೆ ಅದು ಭೂಮಿಯ ಕ್ಷೇತ್ರದೊಂದಿಗೆ ಬೆಸೆದುಕೊಳ್ಳುತ್ತದೆ. ಆಗ ಭೂಮಿಯ ರಾತ್ರಿ ಕಡೆ ಚಾಚಿರುವ ಕಾಂತಕ್ಷೇತ್ರದ ಬಾಲದಿಂದ ಕಡಿಮೆ ಶಕ್ತಿಯ ಎಲೆಕ್ಟ್ರಾನ್‌ಗಳು ಒಳಕ್ಕೆ ನುಗ್ಗುತ್ತವೆ. ಅವು ಕೋರಸ್ ಎಂಬ ಅಲೆಗಳನ್ನು ಎಬ್ಬಿಸುತ್ತವೆ. ಈ ಅಲೆಗಳನ್ನು ಧ್ವನಿಯಾಗಿ ಕೇಳಿಸಿದರೆ ಬೆಳಗಿನ ಜಾವದ ಹಕ್ಕಿಗಳ ಚಿಲಿಪಿಲಿ ಕೇಳಿದಂತಾಗುತ್ತದೆ, ಹೆಸರು ಬಂದದ್ದೂ ಅದರಿಂದಲೇ. ಈ ಕೋರಸ್ ಅಲೆಗಳು ಅಲ್ಲಿದ್ದ ಕೆಲವು ಎಲೆಕ್ಟ್ರಾನ್‌ಗಳಿಗೆ ಶಕ್ತಿ ಕೊಡುತ್ತ ಕೊಡುತ್ತ ಒಂದೆರಡು ದಿನದಲ್ಲಿ ಅವುಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಒಯ್ಯುತ್ತವೆ. ಈ ಕೆಲಸ ಪಟ್ಟಿಯ ನಡುಮಧ್ಯದಲ್ಲೇ ನಡೆಯುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಕೊಟ್ಟದ್ದು 2012ರಲ್ಲಿ ಹಾರಿದ ನಾಸಾದ ಜೋಡಿ ಉಪಗ್ರಹಗಳಾದ ವಾನ್ ಅಲೆನ್ ಪ್ರೋಬ್ಸ್. ಸೋರುವುದು, ತುಂಬುವುದು ಎರಡೂ ಒಟ್ಟಿಗೇ ನಡೆದಿರುತ್ತವೆ. ಯಾವುದು ಗೆಲ್ಲುತ್ತದೆ ಎಂಬುದರ ಮೇಲೆ ಕೊನೆಯ ಲೆಕ್ಕ. ಇದಕ್ಕೆ ಪೂರಾ ಒಂದು ಪುಟ ಕೊಡಿ, ಜಿಪುಣತನ ಬೇಡ.

2024ರ ಮೇ ಬಿರುಗಾಳಿಯ ಬಗ್ಗೆ ಬರೆದಿದ್ದೀರಿ, ಒಳ್ಳೆಯದು. ಆದರೆ ಲಡಾಖ್‌ನ ಹಾನ್ಲೆಯಲ್ಲಿ ಕಂಡ ಕೆಂಪು ಬೆಳಕಿಗೇ ನಿಂತುಬಿಟ್ಟಿದ್ದೀರಿ. ಅದರ ಚಿತ್ರ ಎಲ್ಲರ ಮೊಬೈಲಿನಲ್ಲೂ ಬಂದುಹೋಗಿದೆ. ಪಟ್ಟಿಗೆ ಏನಾಯಿತು ಎಂದು ಹೇಳಿ. ಕೊಲರಾಡೋ ವಿಶ್ವವಿದ್ಯಾಲಯದವರ ಸರ್ಬಿ ಎಂಬ ಪುಟ್ಟ ಉಪಗ್ರಹ ಬಿರುಗಾಳಿಗೆ ಮುಂಚೆ, ಏಪ್ರಿಲ್‌ನಲ್ಲೇ ಕೆಟ್ಟು ಸುಮ್ಮನಾಗಿತ್ತು. ಜೂನ್ ಮಧ್ಯದಲ್ಲಿ ತಾನಾಗಿಯೇ ಎಚ್ಚರವಾಯಿತು. ನೋಡಿದರೆ ಎರಡು ಪಟ್ಟಿಗಳ ನಡುವೆ ಇನ್ನೆರಡು ಹೊಸ ಪಟ್ಟಿ! ಒಂದರಲ್ಲಿ ಎಲೆಕ್ಟ್ರಾನ್‌ಗಳು, ಇನ್ನೊಂದರಲ್ಲಿ ಪ್ರೋಟಾನ್‌ಗಳೂ ಇದ್ದವು. ಹಿಂದೆ ಇಂಥ ತಾತ್ಕಾಲಿಕ ಪಟ್ಟಿ ನಾಲ್ಕು ವಾರದಷ್ಟು ಇದ್ದು ಹೋಗುತ್ತಿತ್ತು. ಈ ಸಲ ಎಲೆಕ್ಟ್ರಾನ್ ಪಟ್ಟಿ ಮೂರು ತಿಂಗಳು ದಾಟಿತು. ಪಾಪ, ಸರ್ಬಿ ಮಾತ್ರ ಅದೇ ಅಕ್ಟೋಬರ್‌ನಲ್ಲಿ ಕೆಳಗೆ ಬಿದ್ದು ಸುಟ್ಟುಹೋಯಿತು.

ಹಾನಿಯ ಭಾಗದಲ್ಲಿ ನೀವು ಎಲ್ಲವನ್ನೂ ಪಟ್ಟಿಯ ತಲೆಗೆ ಕಟ್ಟಿದ್ದೀರಿ. 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಕರೆಂಟ್ ಹೋದದ್ದು ನೆಲದಲ್ಲಿ ಹುಟ್ಟಿದ ವಿದ್ಯುತ್‌ನಿಂದ. 2022ರ ಫೆಬ್ರವರಿಯಲ್ಲಿ ಸ್ಟಾರ್‌ಲಿಂಕ್ ಉಪಗ್ರಹಗಳು ಬಿದ್ದದ್ದು ವಾತಾವರಣ ಕಾದು ಉಬ್ಬಿ ಅವುಗಳ ವೇಗ ತಗ್ಗಿಸಿದ್ದರಿಂದ. ಎರಡರಲ್ಲೂ ಪಟ್ಟಿಯ ಪಾತ್ರವಿಲ್ಲ. ನಿಮಗೆ ಬೇಕಾದ ಉದಾಹರಣೆ 1994ರ ಜನವರಿಯದು, ಕೆನಡಾದ ಸಂವಹನ ಉಪಗ್ರಹಗಳಾದ ಅನಿಕ್ ಇ1 ಮತ್ತು ಇ2. ಹೊರಪಟ್ಟಿಯ ಎಲೆಕ್ಟ್ರಾನ್‌ಗಳು ಉಪಗ್ರಹದ ಹೊದಿಕೆ ದಾಟಿ ಒಳಗಿನ ನಿರೋಧಕ ವಸ್ತುಗಳಲ್ಲಿ ಹೂತು ಕೂರುತ್ತವೆ. ದಿನಗಟ್ಟಲೆ ಜಮಾ ಆಗಿ ಒಂದು ಗಳಿಗೆ ಕಿಡಿ ಹಾರುತ್ತದೆ, ಸರ್ಕ್ಯೂಟ್ ಕೈಕೊಡುತ್ತದೆ. ಇ1 ಕೆಲವೇ ಗಂಟೆಗಳಲ್ಲಿ ಸುಧಾರಿಸಿತು, ಇ2 ಸರಿಹೋಗಲು ತಿಂಗಳುಗಳೇ ಬೇಕಾದವು. ಆಗ ಸೂರ್ಯನಲ್ಲಿ ದೊಡ್ಡ ಸ್ಫೋಟವೇನೂ ಆಗಿರಲಿಲ್ಲ. ವೇಗದ ಸೌರ ಮಾರುತ ಬಿಡದೆ ಬೀಸುತ್ತಿತ್ತು, ಅಷ್ಟೇ. ಸದ್ದು ಮಾಡದ ಗಾಳಿ ಪಟ್ಟಿಯನ್ನು ತುಂಬಿಸುವುದು ನಿಮ್ಮ ‘ಕೋಪ’ದ ಚೌಕಟ್ಟಿಗೆ ಹೊಂದುವುದಿಲ್ಲ, ಅಲ್ವಾ? ಚೌಕಟ್ಟು ಬದಲಿಸಿ.

‘ಸಾಂಬ್ರಾದಿಂದ ವಿಮಾನ ಹತ್ತುವವರೂ ಎಚ್ಚರ’ ಎಂಬ ಸಾಲು ಓದಿ ನಕ್ಕೆ. ಹೊರಪಟ್ಟಿಯ ಬಲರೇಖೆಗಳು ನೆಲಕ್ಕೆ ಇಳಿಯುವುದು ಕಾಂತೀಯ ಅಕ್ಷಾಂಶ 60 ಡಿಗ್ರಿಯ ಆಸುಪಾಸಿನಲ್ಲಿ. ಸಾಂಬ್ರಾ ವಿಮಾನ ನಿಲ್ದಾಣವಿರುವ ಬೆಳಗಾವಿ ಭೂಪಟದಲ್ಲಿ ಇರುವುದು 16 ಡಿಗ್ರಿ ಉತ್ತರದ ಹತ್ತಿರ. ನಮ್ಮ ಭಾಗದ ಓದುಗರಿಗೆ ಸಂಬಂಧಿಸಿದ್ದು ಬೇರೆ ಇದೆ. ಮನೆಯ ಡಿಶ್‌ಗೆ ಟಿವಿ ಕಳಿಸುವ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ, ಜಿಪಿಎಸ್ ಉಪಗ್ರಹಗಳು 20,000 ಚಿಲ್ಲರೆಯಲ್ಲಿ. ಎರಡೂ ಹೊರಪಟ್ಟಿಯ ಒಳಗೇ ಬದುಕುತ್ತಿವೆ. ಹೆದರಿಸದೆ ಇಷ್ಟು ಹೇಳಿ ಸಾಕು. ಆದಿತ್ಯ ಎಲ್1 ಬಿರುಗಾಳಿಯನ್ನು ‘ತಡೆಯುತ್ತದೆ’ ಎಂಬುದನ್ನೂ ತಿದ್ದಿ. ಅದು 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನೂ ಸೌರ ಮಾರುತವನ್ನೂ ಗಮನಿಸುತ್ತದೆ, ಯಾವುದನ್ನೂ ತಡೆಯುವುದಿಲ್ಲ.

ಗುರುಗ್ರಹದ ಪ್ಯಾರಾ ಇರಲಿ, ಅರ್ಧಕ್ಕೆ ಇಳಿಸಿ. ಅಲ್ಲಿಯ ಪಟ್ಟಿಗೆ ಬೇಕಾದ ಸರಕು ಮುಖ್ಯವಾಗಿ ಅಯೋ ಉಪಗ್ರಹದ ಜ್ವಾಲಾಮುಖಿಗಳಿಂದ, ಬಲ ಗ್ರಹದ ವೇಗದ ತಿರುಗುವಿಕೆಯಿಂದ ಬರುತ್ತದೆ, ಸೂರ್ಯನ ಪಾತ್ರ ಭೂಮಿಯಲ್ಲಿರುವಷ್ಟಿಲ್ಲ ಎಂದು ಒಂದು ಸಾಲು ಸೇರಿಸಿ. ಮಂಗಳಕ್ಕೆ ಇಡೀ ಗ್ರಹವನ್ನು ಸುತ್ತುವ ಕಾಂತಕ್ಷೇತ್ರವೇ ಇಲ್ಲ, ಹಾಗಾಗಿ ಪಟ್ಟಿಯೂ ಇಲ್ಲ. ಅದನ್ನು ಹೊರಗೇ ಬಿಡಿ.

ಹೊಸ ಪ್ರತಿ ಸಾವಿರದಿಂದ ಸಾವಿರದ ಇನ್ನೂರು ಪದಗಳೊಳಗೆ ಇರಲಿ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಎರಡು ಪಟ್ಟಿಗಳ ಚಿತ್ರ ಇಲ್ಲೇ ಬೆಳಗಾವಿಯಲ್ಲಿ ಬರೆಸುತ್ತೇವೆ. ಅಳತೆಗಳನ್ನು ಮಾತ್ರ ಬೇರೆ ಹಾಳೆಯಲ್ಲಿ ಕೊಡಿ.