ಹೆದರಿಸುವ ಕಥೆಗೆ ಪುಟ ಯಾಕೆ ಕೊಡುತ್ತೇವೆ?

ಪತ್ರ: ‘ಸಂಚಿಕೆಗೊಂದು ದೆವ್ವದ ಸಣ್ಣಕಥೆ ಯಾಕೆ ಹಾಕುತ್ತೀರಿ? ಇಂಥ ಕಥಾಸಂಕಲನ ಯಾರೂ ಕೊಳ್ಳುವುದಿಲ್ಲ. ಅಮೆರಿಕದ ಹಾರರ್ ಲೇಖಕ ಸ್ಟೀಫನ್ ಕಿಂಗ್ ಗೆದ್ದಿದ್ದೂ ಕಾದಂಬರಿಯಿಂದಲೇ. ಆ ಪುಟಗಳಿಗೆ ಧಾರಾವಾಹಿ ಹಾಕಿ.’
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಾದಂಬರಿ ಜಾಸ್ತಿ ಖರ್ಚಾಗುತ್ತದೆ, ನಿಜ. ಯಾವ ಪುಸ್ತಕದಂಗಡಿಯವರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಆದರೆ ಹೆದರಿಕೆಗೆ ಒಂದೇ ಪಟ್ಟಿಗೆ ಓದಿ ಮುಗಿಸುವ ಕಥೆಯೇ ಸರಿ.

ಇಂಗ್ಲಿಷ್ ಲೇಖಕ ಜೇಕಬ್ಸ್ ಬರೆದ, 1902ರ ‘ದಿ ಮಂಕೀಸ್ ಪಾ’ ಓದಿದ್ದೀರಾ? ಮೂರು ವರ ಕೊಡುವ ಮಂಗನ ಪಂಜದ ಸಣ್ಣಕಥೆ. ಸತ್ತು ಹೂತ ಮಗ ವಾಪಸ್ ಬರಲಿ ಎಂದು ತಾಯಿ ಹಟ ಹಿಡಿದು ಗಂಡನ ಕೈಲಿ ವರ ಕೇಳಿಸುತ್ತಾಳೆ. ನಡುರಾತ್ರಿ ಬಾಗಿಲು ಬಡಿಯುವ ಸದ್ದು. ಮೇಲಿನ ಚಿಲಕ ಎಟುಕದೆ ಆಕೆ ಕುರ್ಚಿ ಎಳೆದು ತರುತ್ತಾಳೆ. ಗಂಡ ನೆಲವೆಲ್ಲ ತಡಕಾಡಿ ಮಂಗನ ಪಂಜ ಹುಡುಕಿ ಕೊನೆಯ ವರ ಕೇಳುತ್ತಾನೆ. ಬಾಗಿಲು ತೆರೆದರೆ ಖಾಲಿ ರಸ್ತೆ. ಹೊರಗೆ ಏನು ನಿಂತಿತ್ತು ಎಂದು ಜೇಕಬ್ಸ್ ತೋರಿಸುವುದೇ ಇಲ್ಲ. ಇದನ್ನೇ 300 ಪುಟಕ್ಕೆ ಎಳೆದರೆ ಆ ಮಗನನ್ನು ಒಳಗೆ ಕರೆತರಲೇಬೇಕು. ಕಣ್ಣಿಗೆ ಕಂಡ ಮೇಲೆ ಹೆದರಿಕೆ ಅರ್ಧ ಹೋಯಿತು, ಅಲ್ವಾ?

ಇನ್ನು ಸಂಕಲನ ಯಾರೂ ಕೊಳ್ಳಲ್ಲ ಎಂಬ ಮಾತು. ಬ್ರಿಟನ್ನಿನ ಪ್ಯಾನ್ ಪ್ರಕಾಶನ 1959ರಲ್ಲಿ ಹಾರರ್ ಕಥೆಗಳ ಪೇಪರ್‌ಬ್ಯಾಕ್ ಸಂಕಲನವೊಂದನ್ನು ತಂದಿತು. ಸಂಪಾದಕರು ಹರ್ಬರ್ಟ್ ವ್ಯಾನ್ ಥಾಲ್. 1989ರ ಹೊತ್ತಿಗೆ ಅದು 30 ಸಂಪುಟ ಕಂಡಿತ್ತು. ಕೊಳ್ಳುವವರಿಲ್ಲದೆ ಯಾವ ಪ್ರಕಾಶಕರು ಅಷ್ಟು ವರ್ಷ ಅಚ್ಚು ಹಾಕಿಸುತ್ತಾರೆ? ಅಮೆರಿಕದ ಹಾರರ್ ಕಥೆಗಾರ ಲವ್‌ಕ್ರಾಫ್ಟ್ 1937ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರ ಕಥೆಗಳನ್ನು ದೊಡ್ಡ ಪ್ರಕಾಶಕರು ಒಲ್ಲೆ ಎಂದಾಗ ಡರ್ಲೆತ್ ಮತ್ತು ವಾಂಡ್ರೈ ಎಂಬ ಇಬ್ಬರು ಲೇಖಕರು 1939ರಲ್ಲಿ ಆರ್ಕಮ್ ಹೌಸ್ ಎಂಬ ಪ್ರಕಾಶನ ಶುರುಮಾಡಿ ತಾವೇ ಸಂಕಲನ ತಂದರು. ಆ ಸಂಕಲನ ಬರದಿದ್ದರೆ ಲವ್‌ಕ್ರಾಫ್ಟ್ ಹಳೇ ಪತ್ರಿಕೆಗಳ ಜೊತೆ ರದ್ದಿಗೆ ಹೋಗುತ್ತಿದ್ದರು.

ಕಿಂಗ್ ಹೆಸರು ನೀವೇ ಎತ್ತಿದ್ದು ಒಳ್ಳೆಯದಾಯಿತು. 1967ರಲ್ಲಿ ಅವರ ಕಥೆಗೆ ಮೊದಲ ಬಾರಿ ದುಡ್ಡು ಸಿಕ್ಕಿತು, 35 ಡಾಲರ್. ಮುಂದೆ ಮದುವೆಯಾಗಿ, ಮಕ್ಕಳಾಗಿ, ಕೈ ತೀರಾ ಬಿಗಿಯಿದ್ದ ಕಾಲ. ಒಂದು ಭಾನುವಾರ ಮಗಳಿಗೆ ಕಿವಿಯ ಸೋಂಕಾಗಿ ಜ್ವರ ಬಂದಿತ್ತು, ಔಷಧಿಗೆ ದುಡ್ಡಿರಲಿಲ್ಲ. ಮನೆಗೆ ಬಂದು ನೋಡಿದರೆ ಅಂಚೆಯಲ್ಲೊಂದು ಲಕೋಟೆ. ಮತ್ತೊಂದು ಬಿಲ್ಲು ಇರಬೇಕು ಅಂದುಕೊಂಡು ಒಡೆದರು. ಒಳಗಿದ್ದದ್ದು ಹಾರರ್ ಕಥೆಯೊಂದಕ್ಕೆ ಪತ್ರಿಕೆ ಕಳಿಸಿದ 500 ಡಾಲರ್ ಚೆಕ್ಕು. ಇದನ್ನು ಅವರೇ ಬರೆದುಕೊಂಡಿದ್ದಾರೆ. ಕಾದಂಬರಿಯ ದುಡ್ಡು ಬರುವ ಮೊದಲು ಆ ಮನೆ ಕೈಹಿಡಿದದ್ದು ಸಣ್ಣಕಥೆ.

ನನಗೆ ಸಿಟ್ಟು ಬರುವುದು ಇಲ್ಲೇ. ಈಗ ಸಂಕಲನ ಮಾಡುವ ಎಷ್ಟೋ ಜನ ಕಾಗದಕ್ಕೆ, ಮುದ್ರಣಕ್ಕೆ, ಮುಖಪುಟಕ್ಕೆ ಚೌಕಾಸಿ ಮಾಡಿಯಾದರೂ ದುಡ್ಡು ಕೊಡುತ್ತಾರೆ. ಕಥೆ ಬರೆದವರಿಗೆ ಮಾತ್ರ ಎರಡು ಗೌರವ ಪ್ರತಿ. ಕೆಲವರಂತೂ ಕಥೆಗಾರರಿಂದಲೇ ದುಡ್ಡು ಇಸಿದುಕೊಳ್ಳುತ್ತಾರೆ. ಆಮೇಲೆ ಒಳ್ಳೆಯ ಕಥೆ ಬರುತ್ತಿಲ್ಲ ಎಂದು ಭಾಷಣ. ಒಂದು ಕಥೆಯನ್ನು ನಾಲ್ಕು ಸಲ ತಿದ್ದಿ ಬರೆಯುವವರು ಬರೀ ಗೌರವದಲ್ಲಿ ಎಷ್ಟು ದಿನ ಬರೆದಾರು?

ನೀವು ಒಳ್ಳೆಯ ಓದುಗರು, ಪತ್ರದಲ್ಲೇ ಗೊತ್ತಾಗುತ್ತದೆ. ಅದಕ್ಕೇ ಕೇಳುತ್ತೇನೆ, ಕಳೆದ ವರ್ಷ ಒಂದಾದರೂ ಕಥಾಸಂಕಲನ ಕೊಂಡಿರಾ? ಮುಂದಿನ ಸಂಚಿಕೆಯಲ್ಲಿ ಎರಡು ದೆವ್ವದ ಕಥೆಗಳಿವೆ. ಇಬ್ಬರು ಕಥೆಗಾರರಿಗೂ ಸಂಭಾವನೆ ಕೊಟ್ಟಾಗಿದೆ. ಓದಿ, ಇನ್ನೊಂದು ಪತ್ರ ಬರೆಯಿರಿ.

– ಸಂ.