ಹಳೆಯ ಬ್ಲಾಗ್ ಅಳಿಸಿಬಿಡಲಾ?

ಪ್ರಶ್ನೆ: ಮೇಡಂ, ಕೆಲಸ ಮಾಡುತ್ತಲೇ ಪಿಎಚ್‌ಡಿ ಮುಗಿಸುವ ಹಂತಕ್ಕೆ ಬಂದಿದ್ದೇನೆ. ಡಿಗ್ರಿ ಓದುವಾಗ, 2009ರಲ್ಲಿ, ಒಂದು ಬ್ಲಾಗ್ ಶುರು ಮಾಡಿದ್ದೆ. ಕವನ, ಹಾಸ್ಟೆಲ್ ಜಗಳ, ದೊಡ್ಡ ಲೇಖಕರ ಮೇಲಿನ ಸಿಟ್ಟು ಎಲ್ಲ ಅದರಲ್ಲಿದೆ. ಈಗ ಓದಿದರೆ ನಾಚಿಕೆಯಾಗುತ್ತದೆ. ಇಂಟರ್‌ವ್ಯೂಗೆ ಮೊದಲು ಯಾರಾದರೂ ಹುಡುಕಿ ಓದಿದರೆ ಅಂತ ಭಯ. ಅಳಿಸಿಬಿಡಲಾ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಅಳಿಸಬೇಡಿ.

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. 2005ರಲ್ಲಿ ಅಮೆರಿಕದ 'ಕ್ರಾನಿಕಲ್ ಆಫ್ ಹೈಯರ್ ಎಜುಕೇಶನ್' ಪತ್ರಿಕೆಯಲ್ಲಿ ಒಬ್ಬ ಪ್ರಾಧ್ಯಾಪಕರು ಇದನ್ನೇ ಬರೆದರು. ಕೆಲಸಕ್ಕೆ ಅರ್ಜಿ ಹಾಕಿದವರ ಬ್ಲಾಗ್ ಓದಿದ ಮೇಲೆ ಆಯ್ಕೆ ಸಮಿತಿಗೆ ಅವರು ಬೇಡವಾದರು ಅನ್ನೋದು ಅದರ ಸಾರ. ಬ್ಲಾಗ್ ಬರೆಯುತ್ತಿದ್ದ ಅಧ್ಯಾಪಕರೆಲ್ಲ ಅದನ್ನು ಓದಿ ಕೆರಳಿದರು. ಹಾಗೆ ಬರೆದವರು ತಮ್ಮ ಹೆಸರು ಹಾಕಿರಲಿಲ್ಲ, 'ಐವನ್ ಟ್ರಿಬಲ್' ಅಂತ ಸುಳ್ಳು ಹೆಸರು ಇಟ್ಟುಕೊಂಡಿದ್ದರು. ಸ್ವಂತ ಹೆಸರಲ್ಲಿ ಬರೆದವರನ್ನು ಹೆಸರಿಲ್ಲದವರು ಅಳೆದದ್ದು ನನಗೆ ಇವತ್ತಿಗೂ ಸರಿ ಅನಿಸಿಲ್ಲ.

ಇನ್ನೊಂದು ಉದಾಹರಣೆ ನೋಡಿ. ನಾರ್ವೆಯ ಜಿಲ್ ವಾಕರ್ ರೆಟ್‌ಬರ್ಗ್ 2000ನೇ ಇಸವಿಯಲ್ಲಿ, ಇನ್ನೂ ಪಿಎಚ್‌ಡಿ ಮಾಡುತ್ತಿದ್ದಾಗಲೇ ಬ್ಲಾಗ್ ಶುರು ಮಾಡಿದವರು. ಆಮೇಲೆ ಬರ್ಗೆನ್ ವಿಶ್ವವಿದ್ಯಾಲಯದಲ್ಲಿ ಡಿಜಿಟಲ್ ಸಂಸ್ಕೃತಿಯ ಪ್ರಾಧ್ಯಾಪಕಿಯಾದರು. ನಾವು ಆನ್‌ಲೈನ್‌ನಲ್ಲಿ ನಮ್ಮನ್ನು ಮೂರು ಬಗೆಯಲ್ಲಿ ತೋರಿಸಿಕೊಳ್ಳುತ್ತೇವೆ ಅಂತಾರೆ ಅವರು: ಬರಹ, ಚಿತ್ರ, ಅಂಕಿ. ನಿಮ್ಮ ಬ್ಲಾಗನ್ನೇ ಈ ಕಣ್ಣಲ್ಲಿ ಒಮ್ಮೆ ನೋಡಿ. ಪಕ್ಕದ ಪಟ್ಟಿಯಲ್ಲಿ ಒಂದು ಪುಟ್ಟ ಫೋಟೊ, ಅದರ ಕೆಳಗೆ 'ನನ್ನ ಬಗ್ಗೆ' ಅಂತ ಎರಡು ಸಾಲು, ಮೂಲೆಯಲ್ಲಿ ಎಷ್ಟು ಜನ ಬಂದರು ಅಂತ ತೋರಿಸುವ ಕೌಂಟರ್. ಉಳಿದದ್ದೆಲ್ಲ ಬರಹ, ಒಂದೊಂದರ ನೆತ್ತಿಯ ಮೇಲೂ ತಾರೀಖು. ಇವತ್ತು ಫೋಟೊ ಮತ್ತು ಅಂಕಿಯೇ ಜಾಸ್ತಿ. ನಾವು ಅಧ್ಯಾಪಕರೂ ಇದರಿಂದ ಹೊರಗಿಲ್ಲ. ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ನಮ್ಮ ಬರಹವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನೋ ಸಂಖ್ಯೆಯೇ ಈಗ ನಮ್ಮ ಮುಖ ಆಗಿಬಿಟ್ಟಿದೆ. ಆ ಪುಟದಲ್ಲಿ ನೀವು ಒಬ್ಬ ಲೇಖಕರನ್ನು 19ನೇ ವಯಸ್ಸಿನಲ್ಲಿ ಬೈದು, ಎಷ್ಟೋ ವರ್ಷದ ಮೇಲೆ ಪ್ರೀತಿಯಿಂದ ಓದಿದ್ದು ಎಲ್ಲೂ ಕಾಣುವುದಿಲ್ಲ, ಬ್ಲಾಗ್‌ನಲ್ಲಿ ಅದು ತಾರೀಖಿನ ಸಮೇತ ಇರುತ್ತದೆ. ಸಂಶೋಧನೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪರಿಚಯ ಪತ್ರ ಯಾವುದಿದೆ ಹೇಳಿ? ಯೋಚನೆ ಬದಲಾಗಿದೆ ಅಂದರೆ ನೀವು ಯೋಚಿಸಿದ್ದೀರಿ ಅಂತಲೇ ಅಲ್ವಾ?

ಕನ್ನಡದ ಕಡೆಯಿಂದಲೂ ಒಂದು ಮಾತು ಹೇಳಬೇಕು. 'ಬರಹ', 'ನುಡಿ' ಅನ್ನೋ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿ, ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಒಡೆದದ್ದನ್ನು ಕೂತು ಸರಿಮಾಡಿ ಪೋಸ್ಟ್ ಹಾಕುತ್ತಿದ್ದ ಕಾಲ ಅದು. ಹಾಸ್ಟೆಲ್ ಹುಡುಗ ಹುಡುಗಿಯರು ಸಂಪಾದಕರ ಒಪ್ಪಿಗೆಗೆ ಕಾಯದೆ ಬರೆದ ಕನ್ನಡ ಅಲ್ಲಿದೆ. ಗೂಗಲ್‌ನ ಸಾಮಾಜಿಕ ಜಾಲತಾಣ ಆರ್ಕುಟ್ 2014ರಲ್ಲಿ ಮುಚ್ಚಿತು, ಅಲ್ಲಿ ನಾವು ಒಬ್ಬರಿಗೊಬ್ಬರು ಬರೆದ ಸ್ಕ್ರ್ಯಾಪ್‌ಗಳು ಈಗ ಎಲ್ಲಿವೆ? ಕಂಪನಿಗಳು ಅಳಿಸುವುದೇ ಸಾಕು, ನಾವೂ ಕೈ ಜೋಡಿಸುವುದು ಬೇಡ.

ಆದರೆ ಒಂದು ಕೆಲಸ ಮಾಡಲೇಬೇಕು. ಹಾಸ್ಟೆಲ್ ಜಗಳದಲ್ಲಿ ಬೇರೆಯವರ ಹೆಸರಿದ್ದರೆ, ಅವರ ಮನೆ ವಿಷಯ ಇದ್ದರೆ, ಆ ಪೋಸ್ಟ್‌ಗಳನ್ನು ಇವತ್ತೇ ಡ್ರಾಫ್ಟ್‌ಗೆ ಇಳಿಸಿ. ನಿಮ್ಮ ನಾಚಿಕೆ ನಿಮ್ಮದು, ಅವರ ಖಾಸಗಿ ಬದುಕು ಅವರದು. ಅದಕ್ಕೂ ಮೊದಲು, ನಿಮ್ಮ ಬ್ಲಾಗ್ ಗೂಗಲ್‌ನ 'ಬ್ಲಾಗರ್' ತಾಣದಲ್ಲಿದ್ದರೆ, ಅದರ ಸೆಟ್ಟಿಂಗ್ಸ್‌ಗೆ ಹೋಗಿ ಇಡೀ ಬ್ಲಾಗಿನ ಬ್ಯಾಕಪ್ ಇಳಿಸಿಕೊಂಡು ಎರಡು ಕಡೆ ಇಟ್ಟುಕೊಳ್ಳಿ. 'ನನ್ನ ಬಗ್ಗೆ' ಜಾಗದಲ್ಲಿ ಈಗ ಏನು ಓದುತ್ತಿದ್ದೀರಿ, ಯಾವ ವಿಷಯದ ಮೇಲೆ ಸಂಶೋಧನೆ ಅಂತ ಸೇರಿಸಿ. ಹುಡುಕಿಕೊಂಡು ಬಂದವರು ಮೊದಲು ಇವತ್ತಿನ ನಿಮ್ಮನ್ನು ನೋಡಲಿ. ಹಾಗೇ ನಿಮ್ಮ ಪ್ರಬಂಧದಲ್ಲಿ ಜಾಗ ಸಿಗದ ಒಂದು ವಿಷಯ ಇದ್ದೇ ಇರುತ್ತದೆ, ಅದನ್ನು ಅಲ್ಲೇ ಹೊಸ ಪೋಸ್ಟ್ ಮಾಡಿ ಹಾಕಿ.